ಗೊಬ್ಬರದ ಬದಲಿಗೆ ಗಂಡ

ಯಾದ್ವಿಗಾಳ ಗಂಡ ವಿಂಟ್ಸುಕ್ ಗಡಿಯಾಚೆ ಬೆಲಾರುಸ್‌ನ ಜೈಲಿನಲ್ಲಿದ್ದ. ಅವಳು ಈಚೆ ವಿಲ್ನಿಯಸ್‌ನಲ್ಲಿ ಜನರಿಗೆ ಕಾರು ಓಡಿಸಲು ಕಲಿಸಿ ಹೊಟ್ಟೆ ಹೊರೆಯುತ್ತಿದ್ದಳು. ಆ ಕೆಲಸಕ್ಕೆ ಬೇಕಾದ ಬಾಯಿ ಅವಳಿಗೆ ಹುಟ್ಟಿನಿಂದಲೇ ಇತ್ತು. ವಿಂಟ್ಸುಕ್ ಭೂಗೋಳದ ಮೇಷ್ಟ್ರು. ಚುನಾವಣೆಯ ದಿನ ತನ್ನ ಶಾಲೆಯ ಮತಗಟ್ಟೆಯಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಎಂದಿದ್ದ, ಅಷ್ಟೇ. ಎರಡು ವರ್ಷದಿಂದ ಅವನಿಂದ ಒಂದು ಸುದ್ದಿಯೂ ಇರಲಿಲ್ಲ.

ಆ ವಸಂತದಲ್ಲಿ ಲಿಥುವೇನಿಯಾದ ಸಂಸತ್ತಿಗೆ ಅವನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಬೆಲಾರುಸ್‌ನ ಗೊಬ್ಬರ ಹೊತ್ತ ರೈಲುಗಳು ಲಿಥುವೇನಿಯಾದ ಬಂದರಿಗೆ ಬರಬೇಕೋ ಬೇಡವೋ ಎಂಬ ಮಸೂದೆ ಚರ್ಚೆಗೆ ಬಂದಿತ್ತು. ಒಂದು ಪಕ್ಷಕ್ಕೆ ಕಠಿಣ ನಿರ್ಬಂಧ ಬೇಕು. ಇನ್ನೊಂದಕ್ಕೆ ಮಾತುಕತೆ ಬೇಕು: ರೈಲು ಬಿಡೋಣ, ಕೈದಿಗಳನ್ನು ಬಿಡಿಸಿಕೊಳ್ಳೋಣ. ಎರಡಕ್ಕೂ ಒಬ್ಬ ಕೈದಿಯ ಹೆಂಡತಿ ಬೇಕಾಗಿದ್ದಳು.

ಮೊದಲು ಬಂದವನು ನಿರ್ಬಂಧದ ಪಕ್ಷದ ಐಮಾಂತಾಸ್. ಎಳೆ ವಯಸ್ಸು, ಇಸ್ತ್ರಿ ಮಾಡಿದಂಥ ಮುಖ.

"ನಿಮ್ಮೆಜಮಾನ್ರು ವೀರರು, ಮೇಡಂ. ಸಮಿತಿ ಮುಂದೆ ನೀವೊಂದ್ಸಲ ಬಂದು ನಿಂತ್ರೆ ಸಾಕು. ಮಾತು ನಾವಾಡ್ತೀವಿ."

"ಅವರ ಹೆಸರೇನು ಹೇಳಿ ನೋಡೋಣ?"

ಅವನು ಫೋನು ತೆಗೆದು ನೋಡಿದ. "ವಿ... ವಿಕ್ಟರ್."

ಮರುದಿನ ಬಂದವಳು ಎದುರು ಪಕ್ಷದ ನಿಯೋಲೆ. ಕೊರಳಲ್ಲಿ ಅಂಬರ್ ಮಣಿಸರ, ಕೈಯಲ್ಲಿ ಕೇಕು. ಯಾದ್ವಿಗಾಳನ್ನು ತಬ್ಬಿಕೊಂಡು ಕಣ್ಣು ಒರೆಸಿಕೊಂಡಳು. "ನಾನೂ ಹೆಣ್ಣು ಕಣಮ್ಮಾ, ನಿನ್ನ ಸಂಕಟ ನಂಗೆ ಗೊತ್ತಾಗಲ್ವಾ?" ಎಂದಳು. ಆಮೇಲೆ ಬಂದರಿನ ಕಾರ್ಮಿಕರ ಸಂಕಟ ಹೇಳಿದಳು, ರೈಲ್ವೆಯ ಸಂಕಟ ಹೇಳಿದಳು. ವಿಂಟ್ಸುಕ್‌ನ ಸಂಕಟಕ್ಕೆ ಬರುವಷ್ಟರಲ್ಲಿ ಅವಳಿಗೆ ಹೊತ್ತಾಯಿತು.

ಹೋಗಬಾರದು ಎಂದುಕೊಂಡೇ ಯಾದ್ವಿಗಾ ಹೋದಳು. ಗಂಡನ ಹೆಸರನ್ನು ಒಂದು ಸಲವಾದರೂ ಯಾರಾದರೂ ಸರಿಯಾಗಿ ಹೇಳಲಿ ಎಂಬ ಆಸೆ.

ಸಮಿತಿಯ ಕೋಣೆಯಲ್ಲಿ ಬೆಳಗಿನಿಂದ ಜಗಳ ನಡೆದಿತ್ತು. ಜಗಳ ಕೈದಿಗಳ ವಿಷಯದ್ದಲ್ಲ. ಮಸೂದೆಯಲ್ಲಿ 'ಖಂಡಿಸುತ್ತದೆ' ಎಂದಿರಬೇಕೋ 'ತೀವ್ರವಾಗಿ ಖಂಡಿಸುತ್ತದೆ' ಎಂದಿರಬೇಕೋ ಎಂಬುದರದು. ಗಡಿಯಾಚೆ ಬೆಲಾರುಸ್‌ನ ದೊರೆ ಈ ಒಂದು ಪದಕ್ಕೆ ಹೆದರಿ ನಿದ್ದೆಗೆಟ್ಟು ಕೂತಿರುತ್ತಾನೆ ಎಂಬಂತೆ ದೊಡ್ಡವರು ಮೇಜು ಕುಟ್ಟುತ್ತಿದ್ದರು. ಕುಟ್ಟಿ ಕುಟ್ಟಿ ಹಸಿದವರು ಬೀಟ್‌ರೂಟಿನ ತಂಪು ಸಾರು ತರಿಸಿಕೊಂಡು ಒಟ್ಟಿಗೇ ಕೂತು ಕುಡಿದರು. ಬಾಯಿ ಒರೆಸಿಕೊಂಡು ಮತ್ತೆ ಕುಟ್ಟಿದರು.

ಕೊನೆಗೆ ಐಮಾಂತಾಸ್ ಎದ್ದ. "ಈ ತಾಯಿಯ ಪತಿ ಜೈಲಿನಲ್ಲೇ ಪ್ರಾಣ ಬಿಟ್ಟಾರೇ ಹೊರತು, ಗೊಬ್ಬರಕ್ಕೆ ತಮ್ಮನ್ನು ಮಾರಿಕೊಳ್ಳಲು ಒಪ್ಪುವುದಿಲ್ಲ!"

"ಅವರನ್ನೇ ಕೇಳಿ ಮತ್ತೆ!" ನಿಯೋಲೆ ಕೂಗಿದಳು. "ಅಮ್ಮಾ, ನಿಮ್ಮ ಯಜಮಾನ್ರು ಏನು ಬಯಸ್ತಾರೆ? ನೀವೇ ಹೇಳಿ."

ಯಾದ್ವಿಗಾ ಎದ್ದು ನಿಂತಳು. ಕ್ಯಾಮೆರಾಗಳು ತಿರುಗಿದವು.

"ಅವನೇನು ಬಯಸ್ತಾನೋ ನಂಗೆ ಗೊತ್ತಿಲ್ಲ. ಬದುಕಿದಾನಾ ಅನ್ನೋದೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ? ಅವನ ಪ್ರಾಣ ಬಿಡೋಕೆ ನೀವ್ಯಾರು? ಬಿಡೋದಾದ್ರೆ ನಿಮ್ಮದೇ ಒಂದಿದೆಯಲ್ಲ, ಅದನ್ನ ಬಿಡಿ." ಯಾರೋ ನಕ್ಕರು. ಅವಳು ನಿಯೋಲೆಯ ಕಡೆ ತಿರುಗಿದಳು. "ನೀವು ನಗಬೇಡಿ. ಬಂದರಿನಲ್ಲಿ ಕೆಲಸ ಇದ್ದಷ್ಟು ದಿನ ನಿಮಗೆ ಕೈದಿಗಳ ನೆನಪೇ ಇರ್ಲಿಲ್ಲ. ನನಗೆ ಗಂಡ ಬೇಕು. ಗೊಬ್ಬರಕ್ಕೆ ಕೊಡ್ತಾರೋ, ಈರುಳ್ಳಿಗೆ ಕೊಡ್ತಾರೋ, ತಗೊಳ್ಳಿ. ನಿಮ್ಮಿಬ್ಬರನ್ನೂ ಕೊಟ್ಟು ಅವನನ್ನ ತರೋ ಹಾಗಿದ್ರೆ ಮೇಲೆ ಒಂದು ಚೀಲ ಆಲೂಗಡ್ಡೆ ನಾನೇ ಸೇರಿಸಿ ಕೊಡ್ತೀನಿ. ಅವನ ಹೆಸರು ವಿಂಟ್ಸುಕ್. ಬರ್ಕೊಳ್ಳಿ."

ಮಸೂದೆ ಪಾಸಾಯಿತು. ಗೊಬ್ಬರದ ರೈಲು ನಿಷೇಧ. ಹಳೆಯ ಒಪ್ಪಂದದ ರೈಲುಗಳಿಗೆ ಮಾತ್ರ ವಿನಾಯಿತಿ. ಓಡುತ್ತಿದ್ದ ರೈಲುಗಳೆಲ್ಲ ಹಳೆಯ ಒಪ್ಪಂದದವೇ. ಇಬ್ಬರೂ ಗೆದ್ದೆವೆಂದು ಹೇಳಿಕೆ ಕೊಟ್ಟರು.

ಸೋತವಳು ಯಾದ್ವಿಗಾ ಒಬ್ಬಳೇ. ಆಚೆಯ ಸರ್ಕಾರಿ ಟಿ.ವಿ.ಯವರು ಅವಳ ಮಾತನ್ನು ಕತ್ತರಿಸಿ, 'ದ್ರೋಹಿಯ ಹೆಂಡತಿಯೇ ಲಿಥುವೇನಿಯಾದ ಸಂಸತ್ತಿಗೆ ಉಗಿದಳು' ಎಂದು ವಾರವಿಡೀ ತೋರಿಸಿದರು. ಅದನ್ನು ಹಿಡಿದುಕೊಂಡು ಐಮಾಂತಾಸ್‌ನ ಕಡೆಯವರು ಅವಳನ್ನು ಆಚೆಯವರ ಗೂಢಚಾರಿಣಿ ಎಂದರು. ಜೊತೆಯ ವಲಸಿಗರು ಎದುರಾದರೆ ರಸ್ತೆ ದಾಟಿ ಹೋಗತೊಡಗಿದರು. ಕಾರು ಕಲಿಯಲು ಬರುವವರೂ ಕಡಿಮೆಯಾದರು. ಬೈಯುವವರನ್ನು ಅವಳು ತಿರುಗಿ ಬೈಯಲಿಲ್ಲ. ಆದರೆ ತನ್ನ ಮಾತು ಆಚೆ ವಿಂಟ್ಸುಕ್‌ನ ಕುತ್ತಿಗೆಗೆ ಬಂದಿರಬಹುದೇ ಎಂಬ ಭಯ ಮಾತ್ರ ಅವಳನ್ನು ತಿನ್ನುತ್ತಿತ್ತು.

ಎಲೆ ಉದುರುವ ಕಾಲಕ್ಕೆ, ದೂರದ ಯಾವುದೋ ದೊಡ್ಡ ದೇಶ ವಿಮಾನದ ಬಿಡಿಭಾಗಗಳ ವಿಷಯದಲ್ಲಿ ಆಚೆಯ ದೊರೆಯ ಜೊತೆ ಏನೋ ಚೌಕಾಸಿ ಮಾಡಿಕೊಂಡಿತು. ಒಂದು ಬಸ್ಸು ತುಂಬ ಕೈದಿಗಳನ್ನು ತಂದು ಗಡಿಯಲ್ಲಿ ಇಳಿಸಿದರು. ವಿಂಟ್ಸುಕ್ ಇಳಿದ. ಬೋಳು ತಲೆ, ಮುಂದಿನ ಹಲ್ಲುಗಳಿಲ್ಲ, ಯಾರದೋ ಅಂಗಿ.

ಐಮಾಂತಾಸ್ ಮತ್ತು ನಿಯೋಲೆ ಇಬ್ಬರೂ ಹೂಗುಚ್ಛ ಹಿಡಿದು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಳ್ಳುತ್ತ ಮುಂದೆ ನಿಂತಿದ್ದರು.

"ಇವರ್ಯಾರು?" ವಿಂಟ್ಸುಕ್ ಕೇಳಿದ.

"ಯಾರೂ ಅಲ್ಲ," ಯಾದ್ವಿಗಾ ಅವನ ತೋಳು ಹಿಡಿದಳು. "ಕಾರು ಹತ್ತು."

ಕಾರು ವಿಲ್ನಿಯಸ್ ದಾರಿ ಹಿಡಿಯಿತು. ಗಡಿ ಹಿಂದಾದ ಮೇಲೆ ಅವಳು ಕೇಳಿದಳು. "ನನ್ನ ಮಾತನ್ನ ಅವರು ಟಿ.ವಿ.ಲಿ ಹಾಕಿದ್ರು. ನಿಂಗೆ ಹೊಡೆದ್ರಾ?"

"ಆವತ್ತು ಹೊಡೀಲಿಲ್ಲ. ಕೂರಿಸಿ ತೋರಿಸಿದ್ರು. 'ನೋಡು, ನಿನ್ನ ಹೆಂಡ್ತೀನೇ ನಿನ್ನನ್ನ ಈರುಳ್ಳಿಗೆ ಮಾರ್ತಾಳೆ' ಅಂತ." ಅವನು ಕಿಟಕಿಯಾಚೆ ನೋಡುತ್ತ ನಕ್ಕ. "ನೀನು ಸತ್ತಿದೀಯ ಅಂತ ಹೇಳಿದ್ರು ಕಣೇ ಅದಕ್ಕೆ ಮುಂಚೆ. ಒಂದು ವರ್ಷ ನಂಬಿದ್ದೆ. ಆಮೇಲೆ ನೋಡಿದ್ರೆ ನೀನು! ಆ ಹಸಿರು ಕೋಟು ಹಾಕ್ಕೊಂಡು ಯಾರ್ಯಾರಿಗೋ ಬೈತಾ ಇದೀಯ. ಇನ್ನೊಂದು ಸಲ ಹಾಕಿ ಅಂತ ಕೇಳಿದೆ. ಮೂರ್ಖರು, ಹಾಕಿದ್ರು."

ಅವಳು ರಸ್ತೆಯ ಬದಿಗೆ ಕಾರು ನಿಲ್ಲಿಸಿದಳು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತ.

ಮತ್ತೆ ಹೊರಟಾಗ ರೇಡಿಯೋದಲ್ಲಿ ಸಂಸತ್ತಿನ ಕಲಾಪ ಬರುತ್ತಿತ್ತು. ಬಿಡುಗಡೆಯ ಕೀರ್ತಿ ಯಾರಿಗೆ ಸೇರಬೇಕು ಎಂದು ಎರಡೂ ಪಕ್ಷಗಳು ಕಿತ್ತಾಡುತ್ತಿದ್ದವು. ಯಾದ್ವಿಗಾ ಅಸಹ್ಯಪಟ್ಟು ಆರಿಸಲು ಕೈಚಾಚಿದಳು.

"ಇರಲಿ ಬಿಡೇ," ವಿಂಟ್ಸುಕ್ ತಡೆದ. "ಎಷ್ಟು ಹೊತ್ತು ಕಿತ್ತಾಡ್ತಾರೆ ಹೀಗೆ?"

"ಬೆಳಗಿಂದ ಸಂಜೆವರೆಗೂ."

"ಯಾರೂ ಬಂದು ಹೊಡೆಯೋದಿಲ್ವಾ?"

"ಇವರನ್ನ ಹೊಡೆಯೋ ಶ್ರಮ ಯಾರು ತಗೋತಾರೆ?"

ಅವನು ರೇಡಿಯೋದ ಸದ್ದು ಜೋರು ಮಾಡಿದ.