ಐವತ್ತಮೂರು ವರ್ಷ ತಡವಾದ ಸುದ್ದಿ

ಪುಸ್ತಕದ ಕರಡಚ್ಚಿನ ನಲವತ್ತೊಂದನೆಯ ಪುಟಕ್ಕೆ ಬಂದ ಇಸಾಮು ಕೆಂಪು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮಿಸೊ ಸಾರು ಆರುತ್ತಿತ್ತು. ಗಂಡ ಮೂರು ದಿನದಿಂದ ಇದೇ ಪುಟದಲ್ಲಿ ಸಿಕ್ಕಿಕೊಂಡಿರುವುದನ್ನು ಎದುರಿಗೆ ಕೂತ ಕಿನುಯೆ ಮೂಲಂಗಿ ಉಪ್ಪಿನಕಾಯಿ ಕಡಿಯುತ್ತಾ ನೋಡುತ್ತಿದ್ದರು.

"ಏನಾದ್ರೂ ತಪ್ಪಿದ್ಯಾ ಅದ್ರಲ್ಲಿ?"

"ಇಲ್ಲ. ಚೆನ್ನಾಗೇ ಬರೆದಿದಾರೆ."

"ಮತ್ತೆ ಕೊಟ್ಟುಬಿಡಿ ಅತ್ಲಾಗೆ. ನಮ್ಮ ಚಿಹಾರು ಮಧ್ಯಾಹ್ನ ಪ್ರೆಸ್ಸಿಗೆ ಕಳಿಸ್ಬೇಕಂತೆ. ನನ್ನ ಮುನ್ನುಡಿ ಓದಿದ್ರಾ?"

"ಓದಿದೆ."

ಓದಿದ್ದೇ ತೊಂದರೆಯಾಗಿತ್ತು. 'ಆ ಸೈಕಲ್ಲಿನ ಸಂಗತಿ ಕೇಳಿಯೇ ನಾನು ಈ ಮದುವೆಗೆ ಒಪ್ಪಿದೆ' ಎಂದು ಕಿನುಯೆ ಮುನ್ನುಡಿಯ ಕೊನೆಯಲ್ಲಿ ಬರೆದಿದ್ದರು. ಐವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಅಚ್ಚು ಹಾಕಿಸಲು ಹೊರಟಿದ್ದರು.

ಪುಸ್ತಕವೆಂದರೆ ಸೊಗಾಬೆ ಸ್ಪ್ರಿಂಗ್ ಕಾರ್ಖಾನೆಯ ಎಪ್ಪತ್ತೈದು ವರ್ಷದ ಚರಿತ್ರೆ. ಹಮಾಮಾತ್ಸು ನಗರದಲ್ಲಿ ಇಂಥ ಪುಸ್ತಕ ತರದ ಕಾರ್ಖಾನೆ ಇಲ್ಲ. ಓದುವವರು ಎಷ್ಟು ಮಂದಿ ಎಂದು ಯಾರೂ ಕೇಳುವುದಿಲ್ಲ. ಕಿನುಯೆಯ ಅಪ್ಪ ತೊಕುಜಿರೊ ಯುದ್ಧ ಮುಗಿದ ನಾಲ್ಕನೆಯ ವರ್ಷ, ಪಿಯಾನೊ ಕಾರ್ಖಾನೆಯವರು ಬಿಸಾಡಿದ ತಂತಿಯ ತುಂಡುಗಳನ್ನು ಕೋಳಿಗೂಡಿನ ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ಸುತ್ತಿ ಮೋಟಾರು ಸೈಕಲ್ಲಿಗೆ ಸ್ಪ್ರಿಂಗು ಮಾಡಲು ಶುರುಮಾಡಿದ್ದು ಮೊದಲ ಅಧ್ಯಾಯ. ಕಾರಿನ ಎಂಜಿನ್ನಿನ ವಾಲ್ವಿಗೆ ಸ್ಪ್ರಿಂಗು ಮಾಡಲು ಹಿಡಿದದ್ದು ಎರಡನೆಯದು. ಮೂರನೆಯದರಲ್ಲಿ, ನಲವತ್ತೊಂದನೆಯ ಪುಟದಲ್ಲಿ, ಇಸಾಮು ಬರುತ್ತಾರೆ.

ಆ ಕಥೆ ಊರಿಗೆಲ್ಲ ಬಾಯಿಪಾಠ. ಕುಲುಮೆಯ ಕೆಲಸಕ್ಕಿದ್ದ ಇಪ್ಪತ್ತೈದರ ಇಸಾಮು ಒಂದು ದಿನ ಬಿಸಿ ಕಡಿಮೆ ಇಟ್ಟುಬಿಟ್ಟ. ಆರು ಸಾವಿರ ಸ್ಪ್ರಿಂಗು ಕೆಟ್ಟವು. ಅದು ಗೊತ್ತಾಗುವ ಹೊತ್ತಿಗೆ ಮಾಲು ಲಾರಿ ಹತ್ತಿ ಹೋಗಿತ್ತು. ಮಾರನೆಯ ದಿನ ಅವನು ಯಾರನ್ನೂ ಕೇಳದೆ, ಹೆಂಗಸರ ಸೈಕಲ್ಲೊಂದನ್ನು ತುಳಿದುಕೊಂಡು, ಸ್ಪ್ರಿಂಗು ಕೊಳ್ಳುವ ದೊಡ್ಡ ಕಾರ್ಖಾನೆಯ ಗೇಟಿಗೆ ಹೋಗಿ ತಪ್ಪೊಪ್ಪಿಕೊಂಡ. ಒಂದು ಎಂಜಿನ್ನೂ ಹಾಳಾಗಲಿಲ್ಲ. ತೊಕುಜಿರೊ ಅವನನ್ನು ಬೈಯಲಿಲ್ಲ. ಮಗಳನ್ನು ಕೊಟ್ಟು, ಮನೆಅಳಿಯನಾಗಿ ಮಾಡಿಕೊಂಡು, ಸೊಗಾಬೆ ಎಂಬ ಮನೆತನದ ಹೆಸರನ್ನೂ ಕೊಟ್ಟರು. ಹೊಟ್ಟೆಯಲ್ಲಿ ಹುಟ್ಟಿದ ಮಗನಿದ್ದರೂ ಕಾರ್ಖಾನೆ ಅಳಿಯನ ಕೈಗೆ ಬಂತು. ಕೆಟ್ಟ ಸುದ್ದಿ ಮೊದಲು ಹೇಳಬೇಕು ಎಂಬ ನಿಯಮ ಅಲ್ಲಿ ಜಾರಿಗೆ ಬಂದದ್ದೂ ಆ ದಿನದಿಂದಲೇ. ಈಗ ಯಜಮಾನಿಕೆ ನಡೆಸುತ್ತಿರುವ ಮಗಳು ಚಿಹಾರು ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಸೇರಿದವರಿಗೆ ಇದನ್ನು ಹೇಳುತ್ತಾಳೆ. ಇಸಾಮು ಪಕ್ಕದಲ್ಲಿ ನಿಂತು ನೆಲ ನೋಡುತ್ತಾರೆ. ಎಷ್ಟು ವಿನಯ ಎಂದು ಜನ ಅಂದುಕೊಳ್ಳುತ್ತಾರೆ.

"ಕಿನುಯೆ," ಎಂದರು ಇಸಾಮು.

"ಏನ್ರೀ?"

"ಸಾರಿಗೆ ಉಪ್ಪು ಸರಿಯಾಗಿದೆ."

ಕಿನುಯೆ ಗಂಡನ ಮುಖ ಒಂದು ಕ್ಷಣ ನೋಡಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಎಪ್ಪತ್ತೆಂಟು ವರ್ಷದ ಮನುಷ್ಯ, ನಾಲ್ಕು ನೂರು ಜನರೆದುರು ಭಾಷಣ ಮಾಡಿದವರು, ಹೆಂಡತಿಯ ಮುಂದೆ ಉಪ್ಪಿನ ಮಾತಾಡಿ ಎದ್ದರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಅಂಗಳದಲ್ಲಿ ರೇಡಿಯೋ ಸಂಗೀತಕ್ಕೆ ಎಲ್ಲರೂ ಕೂಡಿ ಮಾಡುವ ಕಸರತ್ತು. ಕಿನುಯೆ ಮಾಲು ತಪಾಸಣೆಯ ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ಇದಕ್ಕೆ ಮಾತ್ರ ತಪ್ಪದೆ ಬರುತ್ತಿದ್ದರು. ಕಸರತ್ತು ಮುಗಿದ ಮೇಲೆ ಅರವತ್ತು ಜನ ಬಿಳಿಯ ಬೋರ್ಡಿನ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಂತರು. ಬೋರ್ಡಿನಲ್ಲಿ ಐದು ಮನೆ: ದಿನ, ಕೆಟ್ಟ ಸುದ್ದಿ, ಕ್ರಮ, ಹೊಣೆ, ಗಡುವು. ಬರೆಯುವವನು ಮೇಸ್ತ್ರಿ ಒಕಿತ್ಸು. ಸುದ್ದಿ ಹೇಳಿದವರನ್ನು ಯಾರೂ ಬೈಯುವಂತಿಲ್ಲ. ಪ್ರಶ್ನೆ ಮಾತ್ರ ಕೇಳಬಹುದು. ಕೆಲಸ ಮುಗಿದ ಸಾಲನ್ನು ಸಂಜೆ ಒರೆಸುತ್ತಾರೆ.

ನಾಲ್ಕನೆಯ ಯಂತ್ರದಿಂದ ಎಣ್ಣೆ ತೊಟ್ಟಿಕ್ಕುತ್ತಿದೆ ಎಂದು ಒಬ್ಬಾಕೆ ಹೇಳಿದಳು. ಒಕಿತ್ಸು ಬರೆದುಕೊಂಡ. "ಇನ್ಯಾರದ್ದಾದ್ರೂ ಇದ್ಯಾ?"

ಇಸಾಮು ಕೈ ಎತ್ತಿದರು.

"ಹೇಳಿ ಹಿರಿಯರೇ. ಯಾವಾಗ ಆಗಿದ್ದು?"

"ಎಪ್ಪತ್ತೊಂದನೇ ಇಸವಿ, ನವೆಂಬರ್."

ಒಕಿತ್ಸುವಿನ ಕೈ ಅಲ್ಲೇ ನಿಂತಿತು. ದಿನದ ಮನೆಯಲ್ಲಿ ಅಷ್ಟು ಜಾಗವೂ ಇರಲಿಲ್ಲ.

"ನಾನು ಆವತ್ತು ತಪ್ಪು ಹೇಳೋಕೆ ಅಂತ ಹೋಗಿರ್ಲಿಲ್ಲ," ಎಂದರು ಇಸಾಮು. "ಸ್ಪ್ರಿಂಗು ಕೆಟ್ಟಿದ್ದು ಗೊತ್ತಾಗಿ ಹೆದರಿಬಿಟ್ಟೆ. ಇಲ್ಲಿಂದ ಓಡಿಹೋಗ್ಬೇಕು ಅನ್ನಿಸ್ತು. ಆ ದೊಡ್ಡ ಕಾರ್ಖಾನೇಲಿ ಆಳು ಬೇಕು ಅಂತ ಪೇಪರಿನಲ್ಲಿ ಬಂದಿತ್ತು. ಅರ್ಜಿ ಜೇಬಲ್ಲಿಟ್ಕೊಂಡು ಕೆಲಸ ಕೇಳೋಕೆ ಹೋದೆ. ಗೇಟಿನ ಒಳಗೆ ನೋಡಿದ್ರೆ ನಮ್ಮದೇ ಪೆಟ್ಟಿಗೆಗಳು, ಬಿಚ್ಚೋಕೆ ರೆಡಿಯಾಗಿ ಜೋಡಿಸಿಟ್ಟಿದ್ರು. ಏನು ಬಂದಿದ್ದು ಅಂತ ಕಾವಲಿನವನು ಕೇಳ್ದ. ಅರ್ಜಿ ತೆಗೆಯೋಕೆ ಜೇಬಿಗೆ ಕೈ ಹಾಕ್ದೆ. ಬಾಯಿಂದ ಸ್ಪ್ರಿಂಗಿನ ವಿಷ್ಯ ಬಂತು. ಅಷ್ಟೇ ನಡೆದಿದ್ದು. ಉಳಿದಿದ್ದೆಲ್ಲ ಮಾವನೋರು ಅಂದ್ಕೊಂಡಿದ್ದು. ನಾನು ಅಲ್ಲ ಅನ್ನಲಿಲ್ಲ."

ಕಾರ್ಖಾನೆಯಲ್ಲಿ ಎಂದೂ ಅಪ್ಪ ಎಂದು ಕರೆಯದ ಚಿಹಾರು ಇವತ್ತು ಕರೆದಳು.

"ಅಪ್ಪ, ಹನ್ನೊಂದು ಸಲ ಹೇಳಿದೀನಿ ಆ ಕಥೇನ. ಪ್ರತಿ ಸಲಾನೂ ನೀವು ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ."

ಹಿಂದಿನ ಸಾಲಿನಿಂದ ಕಿನುಯೆ ಮುಂದೆ ಬಂದರು. ತಪಾಸಣೆ ಮಾಡುವಾಗ ಕೈಯಲ್ಲಿ ಸ್ಪ್ರಿಂಗು ಹಿಡಿದು ನೋಡುತ್ತಿದ್ದ ಹಾಗೆಯೇ ಗಂಡನನ್ನು ನೋಡಿದರು. ಇಸಾಮುವಿಗೆ ಆಕೆಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಪ್ರಶ್ನೆ ಕೇಳ್ಬಹುದಾ?"

"ಕೇಳಿ ಅಮ್ಮ," ಎಂದ ಒಕಿತ್ಸು. ಅವನಿಗೆ ಅಲ್ಲಿಂದ ಮಾಯವಾದರೆ ಸಾಕಾಗಿತ್ತು.

"ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಿ ಅಂತ ನನ್ನ ಸೈಕಲ್ ತಗೊಂಡ್ರಲ್ಲ. ಹಲ್ಲುನೋವು ಇತ್ತಾ?"

"ಇರ್ಲಿಲ್ಲ."

"ಸಂಜೆ ನಿಮಗೆ ಅಂತ ಗಂಜಿ ಮಾಡಿ ಕಳಿಸಿದ್ದೆ."

"ಕುಡಿದೆ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಕಿನುಯೆ ನಗಲಿಲ್ಲ.

"ಅಲ್ಲಿ ಕೆಲಸ ಕೊಟ್ಟಿದ್ರೆ ಇದ್ದುಬಿಡ್ತಿದ್ರಾ?"

"ಇದ್ದುಬಿಡ್ತಿದ್ದೆ," ಎಂದರು ಇಸಾಮು. ಅದು ಹೇಳಬಾರದ ಮಾತೆಂದು ಗೊತ್ತಿತ್ತು. ಆದರೆ ಆ ಬೋರ್ಡಿನ ಮುಂದೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸರಿ. ತಪ್ಪು ಹೇಳಿ ಆಯ್ತು, ಮುಖ ತೋರಿಸೋ ಹಾಗಿಲ್ಲ. ಅಲ್ಲಿಂದಲೇ ನಿಮ್ಮೂರಿನ ಕಡೆ ತಿರುಗಬಹುದಿತ್ತಲ್ಲ?"

"ತಿರುಗಬಹುದಿತ್ತು. ಗಾಳೀನೂ ಆ ಕಡೆಗೇ ಬೀಸ್ತಾ ಇತ್ತು. ಈ ಕಡೆಗೆ ಎದುರುಗಾಳಿ, ಎರಡು ಗಂಟೆ ತುಳಿದೆ."

"ಮತ್ತ್ಯಾಕೆ ತಿರುಗಲಿಲ್ಲ?"

"ಸೈಕಲ್ ನಿಂದಲ್ವಾ," ಎಂದರು ಇಸಾಮು. "ವಾಪಸ್ ಕೊಡ್ಬೇಕಿತ್ತು."

ಕಿನುಯೆ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅತ್ತರೋ ನಕ್ಕರೋ ಅರವತ್ತು ಜನರಲ್ಲಿ ಯಾರಿಗೂ ತಿಳಿಯಲಿಲ್ಲ; ಅವರ ಭುಜ ಅಲುಗುತ್ತಿದ್ದದ್ದಷ್ಟೇ ಕಂಡಿತು. ಆಮೇಲೆ ಮೂಗೊರೆಸಿಕೊಂಡು, "ಇದನ್ನ ಮನೇಲಿ ಹೇಳೋಕಾಗ್ತಿರ್ಲಿಲ್ವಾ ನಿಮಗೆ?" ಎಂದರು.

"ಮನೇಲಿ ಬೋರ್ಡಿಲ್ಲ."

ಈ ಸಲ ಎಲ್ಲರೂ ನಕ್ಕರು. ಚಿಹಾರು ಕೂಡ, ಮನಸ್ಸಿಲ್ಲದ ಮನಸ್ಸಿನಿಂದ. ನಂತರ ಯಜಮಾನಿಯ ದನಿ ತಂದುಕೊಂಡು ಹೇಳಿದಳು: "ಬರೀರಿ. ಕ್ರಮ: ನಲವತ್ತೊಂದನೇ ಪುಟ, ನಡೆದ ಹಾಗೇ ಬರೆಯೋದು. ಹೊಣೆ ನಾನು. ಗಡುವು ಇವತ್ತು ಮಧ್ಯಾಹ್ನ. ಅಮ್ಮ, ನಿನ್ನ ಮುನ್ನುಡಿ?"

"ಅದನ್ನ ಮುಟ್ಬೇಡ," ಎಂದರು ಕಿನುಯೆ. "ಸೈಕಲ್ಲಿನ ಸಂಗತಿ ಅಂತ ತಾನೇ ಬರೆದಿದೀನಿ."

ಇಸಾಮು ತಲೆ ಎತ್ತಿದರು. ಈಗ ಹೆಂಡತಿಯ ಮುಖ ನೋಡಿದರು.

ಒಕಿತ್ಸು ಇಪ್ಪತ್ತು ವರ್ಷದ ರೂಢಿಯಿಂದ ಬಾಯಿತಪ್ಪಿ ಕೇಳಿಬಿಟ್ಟ: "ಮತ್ತೆ ಆಗದ ಹಾಗೆ ಏನು ಕ್ರಮ?" ಕೇಳಿದ ಮೇಲೆ ಕಿವಿ ಕೆಂಪಾಯಿತು.

"ಬರ್ಕೊಳಪ್ಪಾ," ಎಂದರು ಕಿನುಯೆ. "ಇವರು ಇನ್ಮೇಲೆ ಎಲ್ಲಿಗೆ ಹೋದ್ರೂ ನನ್ನ ಸೈಕಲ್ಲಲ್ಲೇ ಹೋಗತಕ್ಕದ್ದು. ಹೊಣೆ, ಸೊಗಾಬೆ ಕಿನುಯೆ."

ಒಕಿತ್ಸು ಒಂದಕ್ಷರ ಬಿಡದೆ ಬರೆದ. ಬರೆದು, ಕೊನೆಯ ಮನೆಯ ಮುಂದೆ ಪೆನ್ನು ಹಿಡಿದು ಕಾದ.

"ಗಡುವು?"

"ಖಾಲಿ ಬಿಡು."

ಅಂದು ಸಂಜೆ ಎಣ್ಣೆಯ ಸಾಲು ಒರೆಸಿಹೋಯಿತು, ಪುಸ್ತಕದ ಸಾಲೂ ಹೋಯಿತು. ಮಾರನೆಯ ದಿನ ಬೇರೆ ಸುದ್ದಿಗಳು ಬಂದು ಅವೂ ಹೋದವು. ಡಿಸೆಂಬರ್ ಕಳೆಯಿತು. ಬೋರ್ಡು ಒರೆಸುವವರ ಪಾಳಿ ದಿನಕ್ಕೊಬ್ಬರಂತೆ ಬದಲಾಗುತ್ತಿತ್ತು. ಆ ಒಂದು ಸಾಲಿನ ಹತ್ತಿರ ಬಂದಾಗ ಪ್ರತಿಯೊಬ್ಬರೂ ಬಟ್ಟೆ ಎತ್ತಿ, ಅದರ ಕೆಳಗಿನಿಂದ ಒರೆಸಿಕೊಂಡು ಹೋಗುತ್ತಿದ್ದರು.