ಎರಡು ದಿನದ ರಜೆ

ಮಗ ತಾಯಿಯ ಕಂಕುಳಿಗೆ ಕೈಕೊಟ್ಟು ಎತ್ತಿದ. ಅರ್ಧದಲ್ಲೇ ಹಿಡಿತ ತಪ್ಪಿ ಆಕೆ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ಸೊಂಟ ಮುರಿದು ಮೂಲೆ ಹಿಡಿದ ಮೂರು ವರ್ಷದಲ್ಲಿ ಸೊಸೆ ಒಮ್ಮೆಯೂ ಅತ್ತೆಯನ್ನು ಹೀಗೆ ಬೀಳಿಸಿರಲಿಲ್ಲ. ಆ ಸೊಸೆ ಈಗ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ನಿನ್ನೆ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಪಕ್ಕ ಕುಸಿದವಳು ಮತ್ತೆ ಏಳಲಿಲ್ಲ.

ಒಳಗೆ ಜನ ಕಿಕ್ಕಿರಿದಿದ್ದರಿಂದ ಮಗ ಕುರ್ಚಿಯನ್ನು ಮುಂಬಾಗಿಲ ಹೊರಗೆ ಎಳೆದು ಹಾಕಿದ. ಮನೆ ಮುಂದಿನ ಓಣಿಗೆ ವ್ಯಾನು ಬರುವುದಿಲ್ಲ, ಹೆಣವನ್ನು ಹಿಂಬಾಗಿಲಿಂದಲೇ ಒಯ್ಯಬೇಕು.

“ಹೊರಡೋ ಮುಂಚೆ ಕೂಗ್ತೀನಿ ಕಣಮ್ಮ. ಹೂಂ ಅನ್ನು, ಎತ್ಕೊಂಡು ಹೋಗಿ ಮುಖ ತೋರಿಸ್ತೀನಿ. ನೋಡೋಕಾಗಲ್ಲ ಅನ್ಸಿದ್ರೆ ಸುಮ್ನಿರು, ಬಲವಂತ ಮಾಡಲ್ಲ.”

ನೋಡದೆ ಇರುತ್ತಾಳೆಯೇ? ಬೆಳಗಿನಿಂದ ಅವಳು ಜೀವ ಹಿಡಿದು ಕೂತಿರುವುದೇ ಆ ಒಂದು ನೋಟಕ್ಕೆ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಕಚ್ಚಾಡಿದವರು ಅವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯ ಸೊಂಟ ಮುರಿದ ದಿನವೇ ಸೊಸೆಯ ಕಾಲ ಬಂದಿತ್ತು. ಆಕೆ ಅದನ್ನು ಬಳಸಿಕೊಳ್ಳಲಿಲ್ಲ, ಅಷ್ಟೆ.

ಲಾಂಡ್ರಿಯವರು ಬಂದರು. ಅವರಲ್ಲಿ ಹಿರಿಯಳಾದ ಇಸ್ತ್ರಿಯಾಕೆ ಒಳಗೆ ಹೋಗಿ ನೋಡಿ ಬಂದು, ತಡೆಯಲಾರದೆ ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಲಾಂಡ್ರಿಯ ಮೇಸ್ತ್ರಿ ನಾಲ್ಕು ಮಾರು ದೂರದಲ್ಲಿ ಕೈಕಟ್ಟಿ ನಿಂತ.

“ಎರಡು ವರ್ಷದ ಹಿಂದೆ ಇವಳ ಅತ್ತೆ ಸತ್ರಲ್ಲ,” ಎಂದಳು ಇಸ್ತ್ರಿಯಾಕೆ, “ಅವತ್ತು ಅತ್ತಿದ್ದು ಇನ್ನೂ ನನ್ನ ಕಣ್ಣಲ್ಲೇ ಇದೆ. ಅತ್ತೆಗೋಸ್ಕರ ಹಾಗೆ ಅತ್ತೋಳನ್ನ ನಾನಂತೂ ನೋಡಿಲ್ಲ.”

ಅತ್ತೆಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಆ ಅತ್ತೆಯನ್ನು ಊರಿಗೆ ಒಯ್ದು ಮಣ್ಣು ಮಾಡಿದರಂತೆ, ಅದಕ್ಕೇ ಲಾಂಡ್ರಿಯವರಿಗೆ ಯಾರಿಗೂ ಬರಲಾಗಲಿಲ್ಲವಂತೆ. ಮನೆಯಲ್ಲಿ ಸಾವಾದರೆ ಮಾತ್ರ ಎರಡು ದಿನ ರಜೆ, ಉಳಿದದ್ದಕ್ಕೆ ತಿಪ್ಪರಲಾಗ ಹಾಕಿದರೂ ಇಲ್ಲ ಎಂದು ಆಕೆ ಮೇಸ್ತ್ರಿಯತ್ತ ಕಣ್ಣು ತೋರಿಸಿದಳು.

ಎರಡು ವರ್ಷದ ಹಿಂದೆ ಈ ಮನೆಯಲ್ಲಿ ಸತ್ತದ್ದು ಒಂದೇ ಜೀವ, ಅದು ನಾಯಿ.

* * *

ಮದುವೆಯಾದ ಆರನೇ ವರ್ಷ, ಇನ್ನು ಮಕ್ಕಳಾಗುವುದಿಲ್ಲ ಎಂದು ಗೊತ್ತಾದ ಮೇಲೆ, ಸೊಸೆ ಬೀದಿಯಿಂದ ಆ ಮರಿಯನ್ನು ತಂದಿದ್ದಳು. ನಡಿಗೆಯ ಗತ್ತು ನೋಡಿ ದೊರೆ ಎಂದು ಕರೆದಳು. ದೊರೆ ಹದಿನಾಲ್ಕು ವರ್ಷ ಆಳಿತು.

ಅದು ಸತ್ತ ಬೆಳಗ್ಗೆ ಸೊಸೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎಲುಬಿಲ್ಲದ ನಾಲಿಗೆ ಅತ್ತೆಯದು.

“ಒಂದು ನಾಯಿಗೆ ಇಷ್ಟು ಅತ್ರೆ ನಾನು ಹೋದಾಗ ಏನ್ ಮಾಡ್ತೀಯೇ? ಸ್ವಲ್ಪ ಉಳಿಸ್ಕೋ.”

ಮಗ ನಕ್ಕುಬಿಟ್ಟ. ಸೊಸೆ ಅಂಗೈಯಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು. ಗಂಟೆಯೊಳಗೆ ತಿರುಗಿ ಬಂದು, ಲಾಂಡ್ರಿಯ ಬಾಯ್ಲರ್ ಕೆಟ್ಟಿದೆ, ಎರಡು ದಿನ ಕೆಲಸವಿಲ್ಲ ಎಂದು ಗೋಡೆಯತ್ತ ಮುಖ ಮಾಡಿ ಮಲಗಿದಳು. ಮತ್ತೆ ಅವಳು ಅತ್ತದ್ದನ್ನು ಈ ಮನೆ ಕಾಣಲಿಲ್ಲ.

* * *

“ಏನಂತ ಅತ್ಲು?” ಅತ್ತೆ ಮೆಲ್ಲಗೆ ಕೇಳಿದಳು.

“ನಾನು ಓಣಿ ತಿರುಗೋ ಮುಂಚೆನೇ ಹೆಜ್ಜೆ ಗುರುತು ಹಿಡಿದು ಬಾಗಿಲಿಗೆ ಬರ್ತಿದ್ದ ಜೀವ ಅದೊಂದೇ, ಇನ್ಯಾರು ಕಾಯ್ತಾರೆ ನನ್ನ ಅಂದ್ಲು. ಪುಣ್ಯವಂತೆ ಆ ಅತ್ತೆ.”

ಸೊಸೆ ಬರುವುದನ್ನು ತಾನೂ ಕಾಯುತ್ತಿದ್ದುದುಂಟು, ಕಾಫಿಗಾಗಿ. ಎದ್ದು ಹೋಗೋಣವೆಂದರೆ ಕಾಲಿಲ್ಲ. ಮಾತು ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ಅಂದ ಹಾಗೆ ನೀವು ಇವಳಿಗೆ ಏನಾಗ್ಬೇಕು?”

ಮೇಸ್ತ್ರಿಯೂ ಇತ್ತ ತಿರುಗಿದ. ನಿಜ ಹೇಳಿದರೆ ಒಳಗೆ ಮಲಗಿದವಳು ನಾಯಿಗಾಗಿ ಬದುಕಿದ್ದ ಅತ್ತೆಯನ್ನೇ ಸಾಯಿಸಿದ ಸುಳ್ಳಿಯಾಗುತ್ತಾಳೆ. ಲಾಂಡ್ರಿಯ ತುಂಬ ಅದೇ ನಗೆಪಾಟಲು. ಅವಳ ಅಳುವಿಗೆ ಒಮ್ಮೆ ನಕ್ಕದ್ದೇ ಸಾಕು ಅನ್ನಿಸಿತು ಅತ್ತೆಗೆ.

“ಅವಳ ಅತ್ತೆಯ ತಂಗಿ,” ಎಂದಳು. “ಅಕ್ಕ ಹೋದ್ಮೇಲೆ ನನ್ನನ್ನ ಇವಳೇ ನೋಡ್ಕೊಂಡ್ಳು.”

ಇಸ್ತ್ರಿಯಾಕೆ ಅವಳ ಎರಡೂ ಕೈಗಳನ್ನು ತನ್ನ ಒರಟು ಅಂಗೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಹಿತ್ತಲ ಕಡೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು.

“ಅಮ್ಮಾ,” ಒಳಗಿನಿಂದ ಮಗ ಕೂಗಿದ.

ಹೂಂ ಎನ್ನುವುದು ಗಂಟಲಿನವರೆಗೆ ಬಂತು. ಅತ್ತೆ ತುಟಿ ಕಚ್ಚಿ ಹಿಡಿದಳು.

“ಅಮ್ಮಾ…”

“ಪಾಪ,” ಎಂದಳು ಇಸ್ತ್ರಿಯಾಕೆ, “ಸಂಕಟ ಬಂದ್ರೆ ಸತ್ತ ತಾಯಿನೇ ನೆನಪಾಗೋದು.”

ಮೂರನೆಯ ಕೂಗು ಬರಲಿಲ್ಲ. ಹಿಂಬಾಗಿಲಲ್ಲಿ ನಾಲ್ಕೈದು ಜನರ ಭಾರದ ಹೆಜ್ಜೆಗಳು ಹೊಸ್ತಿಲು ದಾಟಿದವು, ವ್ಯಾನು ಹೊರಟಿತು. ಅತ್ತೆಯ ಕಣ್ಣೀರು ಕೆನ್ನೆಯ ಮೇಲಿಂದ ಗದ್ದಕ್ಕಿಳಿದು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಎಳೆದಳು. ಇಸ್ತ್ರಿಯಾಕೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.