ಕೆಳಗಿನ ಅಂಚು

ಉಗುರಿನ ಸಂದಿಯಲ್ಲಿ ಗೋಂದು ಒಣಗಿ ಚರ್ಮ ಬಿಗಿಯುತ್ತಿದೆ, ಆಚೆ ವೇಲಚೇರಿ ಸ್ಟೇಷನ್ನಿಗೆ ರೈಲು ಬಂದು ನಿಂತ ಸದ್ದು, ಈ ರೈಲಿಗೆ ಗಂಡ ಶಿವಕಿರಣ್ ಬರುವವನಲ್ಲ, ಅವನು ಬೈಕಿನವನು — ಬರುವವನಲ್ಲ ಎಂದರೆ ಈಗ ಯಾವುದರಲ್ಲೂ ಬರುವವನಲ್ಲ, ಸೌಂದರ್ಯಾ ಗೋಂದಿನ ಸಿಪ್ಪೆಯನ್ನು ಕಿತ್ತು ಸುರುಳಿ ಮಾಡಿದಳು, ಬೆರಳ ತುದಿ ಇನ್ನೂ ಜಿಗುಟು, ಎದುರಿಗೆ ಪ್ರವಾಸದ ಆಲ್ಬಮ್ಮು, ದಪ್ಪ ಕಪ್ಪು ಹಾಳೆಗಳದ್ದು, ಯೇರ್ಕಾಡಿನ ಪುಟದಲ್ಲಿ ಅಂಟಿಸಿದ ಕಾಫಿ ಎಲೆ ಒಣಗಿ ಕಂದಾಗಿದೆ, ಕೂಡಲಸಂಗಮದ ಪುಟದಲ್ಲಿ ಬಸ್ ಟಿಕೆಟ್ಟು, ವಿಭೂತಿಯ ಪುಟ್ಟ ಪೊಟ್ಟಣ, ಎಲ್ಲ ಪುಟದಲ್ಲೂ ಅವಳು ಮತ್ತು ಮಗಳು ತೇಜಶ್ರೀ, ಅವಳು ಮತ್ತು ತೇಜಶ್ರೀ, ತಾಯಿ ಮಗಳು ಇಬ್ಬರೇ ಲೋಕ ಸುತ್ತಿದವರ ಹಾಗೆ. ಅಪ್ಪಾ ಎಂಗೆಮ್ಮಾ, ಅಪ್ಪ ಎಲ್ಲಮ್ಮಾ, ಎಂದು ತೇಜಶ್ರೀ ಕೇಳಿದ್ದು ತಮಿಳಿನಲ್ಲೇ, ಶಾಲೆಯಿಂದ ಬಂದ ಸ್ವಲ್ಪ ಹೊತ್ತು ಅವಳ ಬಾಯಿಂದ ಕನ್ನಡ ಹೊರಡುವುದಿಲ್ಲ, ಒರು ಫೋಟೋಲ ಕೂಡ ಮೂಣು ಪೇರುಂ ಇಲ್ಲಿಯಾ, ಒಂದರಲ್ಲೂ ಮೂವರಿಲ್ಲವಾ, ಹುಡುಕಿಕೊಡು, ಎಂದು ಹೇಳಿ ಟ್ಯೂಷನ್ನಿಗೆ ಹೋದವಳು ಈಗ ಬಂದೇಬಿಡುತ್ತಾಳೆ, ಬಂದವಳಿಗೆ ಏನು ತೋರಿಸುವುದು, ಮದುವೆ ಫೋಟೋದಲ್ಲಿ ಅವನಿದ್ದಾನೆ, ಅದರಲ್ಲಿ ತೇಜು ಇಲ್ಲ, ಆಫೀಸಿನ ಗುರುತಿನ ಚೀಟಿಯಲ್ಲಿದ್ದಾನೆ, ಅದರಲ್ಲಿ ಅವನು ಅವನ ಹಾಗೇ ಇಲ್ಲ.

ಮೂವರು ನಿಲ್ಲಬಾರದು — ಅದು ಅತ್ತೆ ಶಂಕ್ರಮ್ಮನ ಮಾತು, ಮೂರ್ ಜನ ನಿಂತು ಫೋಟೋ ತೆಗುಸ್ಕೊಂಡ್ರೆ ಒಬ್ರು ಹೋಗ್ತಾರೆ ಕಣಪ್ಪ, ನಮ್ ದೊಡ್ಡಪ್ಪನ ಮನೇಲಿ ಆಗೈತೆ, ಸೆಲ್ಫಿ ಆದ್ರೇನು, ಅದ್ರಾಗೂ ಮೂರು ಮೂರೇ ಅಲ್ವಾ, ಶಿವಕಿರಣ್ ನಗುತ್ತಿದ್ದ, ಹಂಗಾದ್ರೆ ನೀನೂ ಬಾರವ್ವ, ನಾಲ್ಕಾಗ್ತೀವಿ, ಈ ಮಂಡಿ ಹೊತ್ಕೊಂಡು ಎಲ್ಲಿಗೋ ಬರ್ಲಿ ನಾನು — ನಕ್ಕರೂ ತಾಯಿಯ ಮಾತು ಮೀರಲಿಲ್ಲ, ಮಹಾಬಲಿಪುರದಲ್ಲಿ ಯಾರೋ ಪುಣ್ಯಾತ್ಮ ಕುಡುಂಗ ಸಾರ್, ನಾ ಎಡುಕ್ಕಿರೇನ್, ಕೊಡಿ ನಾನು ತೆಗೀತೀನಿ, ಎಂದು ಕೈ ಚಾಚಿದರೂ ಪರವಾಯಿಲ್ಲ ಎಂದು ತಾನೇ ಹಿಂದೆ ಹಿಂದೆ ಸರಿದ, ಸೂರ್ಯ ನನ್ ಬೆನ್ನಿಗಿರ್ಬೇಕು ಕಣೇ, ಇಲ್ಲಾಂದ್ರೆ ನಿಮ್ ಮುಖ ಕಪ್ಪಾಗ್ತವೆ, ಎರಡೂ ಕೈಯಲ್ಲಿ ಫೋನು ಹಿಡಿದು ಮೊಣಕೈ ಅಗಲಿಸಿ ನಿಲ್ಲುತ್ತಿದ್ದ, ಸಂಜೆ ಬಿಸಿಲಿಗೆ ಅವನ ನೆರಳು ನೆಲದ ಮೇಲೆ ಉದ್ದಕ್ಕೆ ಮಲಗಿ ಫೋಟೋದ ಕೆಳಗಿನ ಅಂಚಿನಲ್ಲಿ ತಲೆ ತೂರಿಸುತ್ತಿತ್ತು, ಎರಡು ಕಿವಿಯ ಹಂಡೆಯ ಹಾಗೆ. ನೋಡ್ರಿ, ನಿಮ್ ಹಂಡೆ ಮತ್ತೆ ಬಂತು, ಎಂದು ಅವಳು ಅಣಕಿಸಿದರೆ, ಕತ್ತರಿಸಾಕು, ನಿನ್ ಹತ್ರ ಅಲೆ ಕತ್ತರಿ ಐತಲ್ಲ. ಕತ್ತರಿಸಿದಳು, ಅಂಚು ಅಲೆಅಲೆಯಾಗಿ ಬೀಳುವ ಆ ಕತ್ತರಿಯಿಂದ ಯೇರ್ಕಾಡಿನ ಹಂಡೆ, ಸಂಗಮದ ಹಂಡೆ, ಒಂದೊಂದನ್ನೂ, ಪುಟ ಚೊಕ್ಕವಾಗಿರಲೆಂದು, ಚೂರುಗಳನ್ನು ಬಾಚಿ ಕಸದ ಬುಟ್ಟಿಗೆ, ಅವನೋ ಪ್ರಿಂಟು ಹಾಕಿಸಿದ ಕೂಡಲೇ ಫೋನಿನಿಂದ ಅಳಿಸುವವನು, ಜಾಗ ಇಲ್ಲ ಕಣೇ, ಆಲ್ಬಮ್ಮಲ್ಲಿ ಐತಲ್ಲ, ಇನ್ನೆಲ್ಲಿಗೆ ಹೋಗುತ್ತೆ.

ಅಡುಗೆಮನೆಯಲ್ಲಿ ಶಂಕ್ರಮ್ಮ ಅವರೆಕಾಳು ಹಿದುಕುತ್ತಿದ್ದಾಳೆ, ಮಗ ಹೋದ ಮೇಲೆ ಇಲ್ಲೇ ಉಳಿದವಳು, ಮೊಮ್ಮಗಳು ಕೇಳಿದ್ದು ಅವಳ ಕಿವಿಗೂ ಬಿದ್ದಿದೆ, ಅಲ್ಲಿಂದಲೇ, ನಾನೇ ದೂರ ನಿಲ್ಲುಸ್ಬಿಟ್ಟೆ ಕಣವ್ವ ನನ್ ಮಗನ್ನ, ಮೂರ್ ಜನ ನಿಲ್ಲದೇ ಇದ್ರೂ ಹೋದ್ನಲ್ಲ — ಇಲ್ಲ ಅತ್ತೆ, ನಿಮ್ದೇನಿದೆ ಅದರಲ್ಲಿ, ಎಂದು ಬಾಯಿ ಹೇಳಿತು, ಒಳಗೆ ಬೇರೆಯೇ ಮಾತು, ದೂರ ನಿಲ್ಲಿಸಿದ್ದು ನೀವು, ಅಷ್ಟು ದೂರದಿಂದಲೂ ಅವನು ಬಂದು ನಮ್ಮ ಕಾಲ ಬಳಿ ಸೇರುತ್ತಿದ್ದ, ಕತ್ತರಿಸಿದ್ದು ನಾನು. ಉಳಿದದ್ದು ಫೋಟೋದ ಈ ಕವರು, ಪಳವೇರ್ಕಾಡಿನ ಸಮುದ್ರಕ್ಕೆ ಹೋದದ್ದೇ ಕೊನೆಯ ಪ್ರವಾಸ, ಅದರ ಪ್ರಿಂಟು ತರಲು ಹೋದ ದಿನ ಅವನು ಮಣಲಿಯ ಕೆಲಸ ಮುಗಿಸಿ ಪುರಸೈವಾಕ್ಕಂಗೆ ಸುತ್ತು ಹಾಕಿ, ಸ್ಟುಡಿಯೋದಿಂದ ಇದನ್ನು ಇಸ್ಕೊಂಡು, ತಗೊಂಡೆ ಕಣೇ, ಬಂದೆ, ಎಂದು ಫೋನು ಮಾಡಿ — ಲಾರಿ — ಫೋನು ನುಜ್ಜುಗುಜ್ಜು, ಊಟದ ಚೀಲದಲ್ಲಿ ಕವರು ಮಾತ್ರ ಮಡಿಕೆ ಕೂಡ ಬೀಳದೆ, ಅಂದಿನಿಂದ ಬಿಚ್ಚಿರಲಿಲ್ಲ, ಈಗ ಬಿಚ್ಚಿದರೆ ಒಳಗೆ ಒಂದೇ ಫೋಟೋ, ದೊಡ್ಡದು, ಮರಳು, ಮಗುಚಿದ ದೋಣಿ, ತೇಜುವಿನ ಹಲ್ಲಿಲ್ಲದ ನಗು, ತನ್ನ ಸೆರಗು ಗಾಳಿಗೆ, ಎಷ್ಟು ಚೆನ್ನಾಗಿ ಬಂದಿದೆ, ಮೊದಲು ಎಡಗಡೆ ಮೂಲೆ ದುಂಡಗೆ ಮಾಡಬೇಕು, ಆಮೇಲೆ ಕೆಳಗಿನ ಅಂಚು — ಕೈ ಯಾವಾಗ ಕತ್ತರಿ ಎತ್ತಿತು, ಕರಕ್ ಎಂದ ಸದ್ದು ಕೇಳಿದ ಮೇಲೆ ಕಣ್ಣು ಕೆಳಗಿಳಿಯಿತು, ಮರಳ ಮೇಲೆ ಉದ್ದಕ್ಕೆ ಮಲಗಿ ಅವನ ನೆರಳು, ತೇಜುವಿನ ಚಪ್ಪಲಿಗೆ ತಲೆ ತಾಗಿಸಿ, ಮೂವರು, ಇದರಲ್ಲಿ ಮೂವರು, ಒಂದು ಮೊಣಕೈ ಅಗಲಿಸಿಕೊಂಡೇ ಇದೆ, ಇನ್ನೊಂದು ಎಲ್ಲಿ, ಮೇಜಿನ ಮೇಲಿಲ್ಲ, ಮಡಿಲಲ್ಲಿಲ್ಲ, ಮೆಟ್ಟಿಲಲ್ಲಿ ತೇಜುವಿನ ಹೆಜ್ಜೆ, ಅಮ್ಮಾ ಕೆಡಚಿದಾ, ಸಿಕ್ಕಿತಾ, ಅವಳು ಕೈ ತಿರುಗಿಸಿದಳು, ಗೋಂದಿನ ಬೆರಳ ತುದಿಗೆ ಅಂಟಿಕೊಂಡಿದೆ, ಅಲೆ ಅಂಚಿನ ಒಂದು ಚೂರು, ಕಪ್ಪಗೆ, ಅಗಲಿಸಿದ ಮೊಣಕೈ.